ಶೀಟಿನ ತುಂಡು

ಕಡೂರಿನಿಂದ ಬಂದ ನಯಾಜ್ ನಮ್ಮ ಜಗಲಿಯ ಮೇಲೆ
ಬಣ್ಣದ ತುಂಡುಗಳನ್ನು ಹರಡಿದ, ಬಳೆಗಾರನ ಹಾಗೆ.
ಇಟ್ಟಿಗೆಗೆಂಪು, ಗಿಣಿಹಸಿರು, ನೀಲಿ.
'ಮೂವತ್ತು ವರ್ಷ ತಲೆ ಎತ್ತಿ ನೋಡೋ ಹಾಗಿಲ್ಲ ಅಕ್ಕಾ' ಅಂದ.
ಅವನಿಗೇ ಇನ್ನೂ ಮೂವತ್ತಾಗಿರಲಿಲ್ಲ.

ಬಾಣಾವರದ ನಮ್ಮ ಬೀದಿಯಲ್ಲಿ ಹೆಂಚು ಉಳಿದಿರುವುದು
ನಾಲ್ಕೇ ಮನೆಗೆ. ಮಂಗಗಳಿಗೂ ಅದು ಗೊತ್ತು.
ಸರದಿ ಹಾಕಿಕೊಂಡು ಬರುತ್ತವೆ,
ಒಂದು ಹೆಂಚು ಎತ್ತಿ ಒಳಗೆ ಇಣುಕಿ
ನಮ್ಮ ಅಡುಗೆ ಹಿಡಿಸದೆ
ಪಕ್ಕದ ಹೆಂಚು ಎತ್ತುತ್ತವೆ.
ವರ್ಷಾ ವರ್ಷಾ ಹೆಂಚು ಕೈಯಾಡಿಸುತ್ತಿದ್ದ ಹುಚ್ಚೀರಣ್ಣನಿಗೆ
ಮಂಡಿ ಹೋಗಿದೆ. ಹೋದ ಸಲ ಏಣಿಯ ಬುಡದಲ್ಲಿ
ಕುರ್ಚಿ ಹಾಕಿಸಿಕೊಂಡು ಕೂತು
'ಎಡಕ್ಕೆ, ಇನ್ನೊಂಚೂರು ಎಡಕ್ಕೆ' ಎಂದು
ನನ್ನ ಗಂಡ ಮರುಳಪ್ಪನಿಗೆ ಹೇಳಿಕೊಟ್ಟ.
ಮರುಳಪ್ಪ ಆರು ಸರಿಮಾಡಿ ಒಂಬತ್ತು ಒಡೆದರು.

ಹಾಗಾಗಿ ಶೀಟೇ ಸರಿ ಎಂದು ಮನೆಯೆಲ್ಲ ಒಪ್ಪಿತ್ತು.
ಅಟ್ಟ ಒಪ್ಪಿರಲಿಲ್ಲ.

ಅಟ್ಟದಲ್ಲಿ ಮೂರು ಸಾವಿರ ಕಾಯಿ, ಸಿಪ್ಪೆ ಸಮೇತ.
ಕೆಳಗಿನ ಒಲೆಯ ಕಾವು, ಮೇಲಿನ ಹೆಂಚುಸಂದಿಯ ಗಾಳಿ,
ಇವೆರಡರ ನಡುವೆ ಹತ್ತು ತಿಂಗಳು, ಹನ್ನೊಂದು ತಿಂಗಳು
ತಮ್ಮೊಳಗಿನ ನೀರನ್ನು ತಾವೇ ಕುಡಿದು ಮುಗಿಸಬೇಕು.
ಅವಸರ ಮಾಡಿದರೆ ಮುನಿಯುತ್ತವೆ.
ಕಿವಿಗೆ ಹಿಡಿದು ಅಲ್ಲಾಡಿಸಿದರೆ
ಮೊದಲು ಬುಳುಬುಳು,
ಆಮೇಲೆ ಬಹಳ ದಿನ ಏನೂ ಇಲ್ಲ,
ಒಂದು ಬೆಳಿಗ್ಗೆ ಗಡಗಡ.
ನಾನು ಅಟ್ಟದಲ್ಲಿ ಅಲ್ಲಾಡಿಸಿದ್ದನ್ನು
ಅತ್ತೆ ಗಂಗಮಾಳಮ್ಮ ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡು
'ಆಗಿಲ್ಲ, ಇಡು' ಅನ್ನುತ್ತಾರೆ.

ಶಿವರಾತ್ರಿ ಕಳೆದ ಮಾರನೆಯ ದಿನ
ಹಿತ್ತಲಲ್ಲಿ ನಾಲ್ಕು ಇಟ್ಟಿಗೆ ಇಟ್ಟು, ಒಂದು ಕಾಯಿ ಕೂರಿಸಿ
ನಯಾಜ್ ಬಿಟ್ಟುಹೋದ ನೀಲಿ ತುಂಡು ಮುಚ್ಚಿದೆ.
ಪಕ್ಕದಲ್ಲೇ ಇನ್ನು ನಾಲ್ಕು ಇಟ್ಟಿಗೆ, ಇನ್ನೊಂದು ಕಾಯಿ,
ಮೇಲೆ ಎರಡು ಹೆಂಚು.
ಸೀಮೆಸುಣ್ಣದಲ್ಲಿ ಶೀ ಎಂದು, ಹೆಂ ಎಂದು ಬರೆದೆ.
'ಕಾಯಿಗೂ ಗೃಹಪ್ರವೇಶವಾ?' ಎಂದು
ಕಾಂಪೌಂಡಿನಾಚೆಯಿಂದ ಜಯಶೀಲಾ ನಕ್ಕಳು.
ಅವಳದು ಶೀಟಿನ ಮನೆ. ಮಧ್ಯಾಹ್ನ ಎರಡಕ್ಕೆ
ಬೇಳೆ ಆರಿಸುವುದಕ್ಕೆ ಅವಳು ಬರುವುದು ನಮ್ಮ ನಡುಮನೆಗೆ.
ಇದನ್ನು ನಾನು ಹೇಳಲಿಲ್ಲ.
ಅವಳೂ ಹೇಳಲಿಲ್ಲ.

ಶೀ ಬೇಗ ಮಾತಾಡಿತು.
ಎರಡೇ ತಿಂಗಳಿಗೆ ಗಡಗಡ, ಖುಷಿಯಿಂದ ಸುಲಿದು ಒಡೆದರೆ
ಅಂಚು ಹಳದಿ, ಮೂಗಿಗೆ ಕಮಟು.
ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು
'ದೀಪದೆಣ್ಣೆಗೆ ಆಗ್ತದೆ' ಅಂದರು.
ಹೆಂ ಇನ್ನೂ ಬಾಯಿ ಬಿಟ್ಟಿರಲಿಲ್ಲ.

'ಕಾಯಿಗೆ ಸೆಕೆಯಾದ್ರೆ ನಮಗೇನು, ನಮಗೆ ಫ್ಯಾನಿದೆ'
ಅಂದರು ಮರುಳಪ್ಪ.
ಫ್ಯಾನಿನ ಬಿಲ್ಲು ಕಟ್ಟುವುದು ಯಾವುದು
ಎಂದು ಕೇಳಿದೆ. ಅರಸೀಕೆರೆ ಪ್ಯಾಸೆಂಜರ್ ಹೋಗುವ ಹೊತ್ತು,
ಅದು ದಾಟುವವರೆಗೆ ಇಬ್ಬರೂ ಸುಮ್ಮನಿದ್ದೆವು.
ದಾಟಿದ ಮೇಲೂ ಸುಮ್ಮನಿದ್ದೆವು.

ಕೊನೆಗೆ ಪಡಸಾಲೆಗೆ ಮಾತ್ರ ಶೀಟು, ಇಟ್ಟಿಗೆಗೆಂಪು,
ಎರಡಡಿ ಎತ್ತರಿಸಿ, ಗಾಳಿಗೆ ದಾರಿ ಬಿಟ್ಟು.
ಅಟ್ಟದ ಮೇಲೆ ಹೆಂಚೇ.
ಪಡಸಾಲೆಯಿಂದ ಇಳಿಸಿದ ಹೆಂಚುಗಳಲ್ಲಿ
ಬೆರಳಲ್ಲಿ ತಟ್ಟಿದರೆ ಠಣ್ ಎಂದವು ಮುನ್ನೂರ ಎಂಬತ್ತು,
ಅಟ್ಟಕ್ಕೆ ಬದಲಿಗೆಂದು ಹಿತ್ತಲ ಗೋಡೆಗೆ ಒರಗಿಸಿದ್ದೇವೆ.
ಹೊಸ ಶೀಟಿನ ಮೇಲೆ ದೊಡ್ಡ ಗಡವ ಬಂದು ಕೂತದ್ದು
ಸರಿಯಾಗಿ ಹನ್ನೆರಡಕ್ಕೆ. ಕೂತಷ್ಟೇ ಬೇಗ ಎದ್ದು
ತನ್ನ ಹಿಂಭಾಗವನ್ನು ತಾನೇ ಒಮ್ಮೆ ತಿರುಗಿ ನೋಡಿಕೊಂಡಿತು.
ಈಗ ಅವುಗಳ ಸಭೆ ಹಿತ್ತಲ ಹೆಂಚಿನ ರಾಶಿಯ ಮೇಲೆ.

ನಿನ್ನೆ ಸಂಜೆ ಮೊದಲ ಹನಿ ಬಿದ್ದಾಗ
ತಂಗಿಯ ಫೋನು. ಪಡಸಾಲೆಯಲ್ಲಿ
ಮೂಟೆ ರಾಗಿ ತಗಡಿಗೆ ಸುರಿದ ಸದ್ದು,
ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.
'ತಾಳೇ' ಎಂದು ಒಳಗೆ ನಡೆದು
ಅಟ್ಟದ ಕೆಳಗೆ ನಿಂತೆ.
ಮೇಲೆ, ಬುಳುಬುಳು ಮುಗಿದು
ಗಡಗಡ ಇನ್ನೂ ಬಾರದ ಕಾಯಿಗಳು.
'ಹ್ಞೂಂ, ಈಗ ಹೇಳು.'